ಅಳೋನ ಪಕ್ಕ ಕೂರೋರು ಯಾರು?



ಕಾಲೇಜುಗಳಲ್ಲಿ ಈಗ ಹೊಸದೊಂದು ಮಾತು ಓಡಾಡ್ತಾ ಇದೆ. ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳೋಕೆ ವಿದ್ಯಾರ್ಥಿಗಳನ್ನೇ ಸ್ವಯಂಸೇವಕರನ್ನಾಗಿ ಮಾಡಬೇಕಂತೆ. ಎರಡು ದಿನ ತರಬೇತಿ, ಎದೆಗೊಂದು ಬ್ಯಾಡ್ಜು, ನೋಟಿಸ್ ಬೋರ್ಡಿನಲ್ಲಿ ಹೆಸರು. ಯಾರಿಗಾದರೂ ದಿಕ್ಕು ತೋಚದಂತಾದರೆ ಇವರ ಹತ್ತಿರ ಹೋಗಿ ಹೇಳಿಕೊಳ್ಳಬಹುದು. ಈ ಸುದ್ದಿಯನ್ನು ತುರುವೇಕೆರೆ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡೀತಾ ನಮ್ಮ ಹಾಸ್ಟೆಲ್ ಹುಡುಗರಿಗೆ ಹೇಳಿದೆ. ಒಬ್ಬ ತಟಕ್ಕನೆ ಅಂದ: "ಅಣ್ಣ, ಅಳೋಕೂ ಕಮಿಟಿ ಮಾಡ್ಬುಟ್ರಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನೊಬ್ಬ, "ಮೊದ್ಲು ಸಾರಿಗೆ ನೀರ್ ಸುರಿಯೋದು ನಿಲ್ಸಕ್ಕೇಳಣ್ಣ, ನಮ್ ಅರ್ಧ ಅಳು ತಾನೇ ನಿಲ್ತದೆ" ಅಂದ. ಅವನು ಹೇಳಿದ್ದು ಸುಳ್ಳಲ್ಲ, ಆ ಮಾತಿಗೆ ಆಮೇಲೆ ಬರ್ತೀನಿ. ಆದರೆ ಮೂಲೆಯಲ್ಲಿ ಕೂತಿದ್ದ ಒಬ್ಬ ಫಸ್ಟ್ ಇಯರ್ ಹುಡುಗ ನಗಲಿಲ್ಲ. ಖಾಲಿ ಲೋಟ ತಿರುಗಿಸ್ತಾ ಕೂತಿದ್ದ. ಈ ಬರಹ ಅವನಿಗೋಸ್ಕರ.

ಮೊದಲೇ ಹೇಳಿಬಿಡ್ತೀನಿ. ನಾನು ಈ ಕೆಲಸದ ಪರ. ನಮ್ಮ ಹುಡುಗ ಹುಡುಗಿಯರು ಇದಕ್ಕೆ ಹೆಸರು ಕೊಡಬೇಕು, ಹೋಗಿ ಕಲೀಬೇಕು. ಆದರೆ ಅವರು ಕಲಿಸಿದಷ್ಟನ್ನೇ ಕಲಿತು ಬರಬಾರದು.

2022ರಲ್ಲಿ ಈ ದೇಶದಲ್ಲಿ ತಮ್ಮ ಜೀವ ತಾವೇ ತೆಗೆದುಕೊಂಡ ವಿದ್ಯಾರ್ಥಿಗಳು 13,044 ಜನ. ಇದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಕೊಟ್ಟ ಲೆಕ್ಕ. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಒಬ್ಬ ಹುಡುಗಿಯ ಸಾವಿನ ಕೇಸಿನಲ್ಲಿ ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ತೀರ್ಪು ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ತರಬೇತಾದ ಸಮಾಲೋಚಕರನ್ನು ಇಟ್ಟುಕೊಳ್ಳಬೇಕು ಅಂತ ಅದರಲ್ಲಿ ಹೇಳಿದೆ. ಒಳ್ಳೆಯದೇ. ಆದರೆ ದೆಹಲಿಯ ಕೋರ್ಟು ಹೇಳಿದ್ದು ನಮ್ಮ ಸೀಮೆಗೆ ಯಾವ ಬಸ್ಸಿಗೆ ಬರುತ್ತೋ! ಪಾಠ ಹೇಳೋಕೇ ಅತಿಥಿ ಉಪನ್ಯಾಸಕರು, ದುಃಖ ಕೇಳೋಕೆ ಕಾಯಂ ಆಸಾಮಿ ಎಲ್ಲಿಂದ ಬರ್ತಾನೆ? ರಾಜ್ಯ ಸರ್ಕಾರ 2014ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ 'ಯುವ ಸ್ಪಂದನ' ಅಂತ ಶುರು ಮಾಡಿತು. ಯುವಕರ ಕಷ್ಟ ಯುವಕರೇ ಕೇಳಲಿ ಅಂತ ಹಳ್ಳಿ ಪಟ್ಟಣದ ಹುಡುಗ ಹುಡುಗಿಯರನ್ನೇ ಆರಿಸಿ, ತರಬೇತಿ ಕೊಟ್ಟು, 'ಯುವ ಪರಿವರ್ತಕರು' ಅಂತ ಹೆಸರಿಟ್ಟು ಜಿಲ್ಲೆ ಜಿಲ್ಲೆಗೆ ಕಳಿಸಿದರು. ಯೋಚನೆ ಸರಿಯಾಗೇ ಇತ್ತು. ಆದರೆ ಕೇಂದ್ರ ಇರೋದು ಜಿಲ್ಲಾ ಕೇಂದ್ರದಲ್ಲಿ. ದಬ್ಬೇಘಟ್ಟದ ಕಡೆಯ ಹುಡುಗ ತುಮಕೂರಿಗೆ ಹೋಗಿ ಬರಬೇಕಂದರೆ ಒಂದು ದಿನದ ಕೂಲಿ ಹೋಯ್ತು. ರಾತ್ರಿ ಹನ್ನೊಂದು ಗಂಟೆಗೆ ಎದೆ ಹಿಂಡಿದಾಗ ಅವನಿಗೆ ಕೈಗೆ ಸಿಗೋನು ಪಕ್ಕದ ಚಾಪೆಯವನೇ.

ಹಾಗಾಗಿ ಪಕ್ಕದ ಚಾಪೆಯವನ ಬಗ್ಗೆ ಮಾತಾಡೋಣ.

ನಮ್ಮದು ತೆಂಗಿನ ಸೀಮೆ. ಕೊಬ್ಬರಿ ಹೇಗಾಗುತ್ತೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡ್ತಾರೆ. ಒಳಗಿನ ನೀರು ಇಂಗಿ ಇಂಗಿ, ತಿರುಳು ಒಣಗಿ, ಕರಟ ಬಿಟ್ಟು ಉಂಡೆಯಾಗುತ್ತೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ. ತಿಳಿದೋರು ಕಾಯಿ ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾರೆ. ಒಳಗೆ ಗಡಗಡ ಅಂದರೆ ಆಯ್ತು ಅಂತ ಲೆಕ್ಕ. ನಮ್ಮ ಅಪ್ಪ ಅವ್ವಂದಿರು ಜೀವಮಾನವೆಲ್ಲ ಬೇರೆಯವರ ಅಟ್ಟದ ಕಾಯಿಗೆ ಹೀಗೆ ಕಿವಿ ಕೊಟ್ಟವರು, ಸಾವಿರಕ್ಕಿಷ್ಟು ಅಂತ ಕೂಲಿಗೆ ಸುಲಿದವರು, ಕರಟ ಒಡೆದವರು. ಅವರ ಮಗನಾದ ನನಗೆ ಒಂದೂವರೆ ಮೊಳ ಆಚೆ ಮಲಗಿದ್ದವನ ಸದ್ದು ಕೇಳಲಿಲ್ಲ.

ಬಿ.ಎ. ಎರಡನೇ ವರ್ಷ. ನಮ್ಮ ರೂಮಿನಲ್ಲಿ ಎಂಟು ಜನ. ನನ್ನ ಪಕ್ಕದವನು ಮಾತು ಕಡಿಮೆ, ಊಟ ಕಡಿಮೆ, ಆಮೇಲೆ ಕ್ಲಾಸಿಗೂ ಕಡಿಮೆ. "ಏನ್ಲಾ ಮಗ, ಲವ್ವಾ?" ಅಂತ ರೇಗಿಸ್ತಾ ಇದ್ವಿ. ಒಂದು ರಾತ್ರಿ ಕರೆಂಟು ಹೋಗಿತ್ತು. ಕತ್ತಲಲ್ಲಿ ಅವನು ತಾನಾಗೇ ಬಾಯಿ ಬಿಟ್ಟ. ಮುಖ ಕಾಣದಿದ್ದರೆ ಮಾತು ಬರುತ್ತೆ, ಇದು ನೀವೂ ನೋಡಿರಬಹುದು. ಅರ್ಧ ಗಂಟೆ ಹೇಳಿದ, ನಡುವೆ ಅತ್ತ. ನಾನೇನು ಮಾಡಿದೆ? "ಗಂಡ್ಸಾಗಿ ಅಳ್ತೀಯಲ್ಲೋ" ಅಂದೆ. ಅಷ್ಟಕ್ಕೇ ಬಿಡಲಿಲ್ಲ, ಭಾಷಣ ಶುರು ಮಾಡಿದೆ. ಬಾಬಾಸಾಹೇಬರು ಪಟ್ಟ ಕಷ್ಟದ ಮುಂದೆ ನಿಂದ್ಯಾವ ಲೆಕ್ಕ, ಅವರು ಅಳ್ತಾ ಕೂತಿದ್ದರೆ ನಾವು ಇಲ್ಲಿರ್ತಿದ್ವಾ, ಎದ್ದೇಳು, ಹೋರಾಟ ಮಾಡು ಅಂತ. ಕರೆಂಟು ಬಂತು. ಅವನು ಗೋಡೆ ಕಡೆ ತಿರುಗಿ ಮಲಗಿದ. ನಾನು ಒಳ್ಳೆ ಕೆಲಸ ಮಾಡಿದೆ ಅಂದುಕೊಂಡು ನಿದ್ದೆ ಹೋದೆ.

ಇನ್ನೂ ಇದೆ. ಮೂರು ವಾರ ಕಳೆದು ಒಂದು ಸಭೆಯಲ್ಲಿ ನಾನು ಪದ್ಯ ಓದಿದೆ. ಪದ್ಯದ ತುಂಬ ಅವನು ಕತ್ತಲಲ್ಲಿ ಹೇಳಿದ ಮಾತೇ. ಹೆಸರು ಹಾಕಿರಲಿಲ್ಲ. ಆದರೆ ಅವನ ಅವ್ವನ ವಿಷಯವಿತ್ತು, ನಮ್ಮ ಹಾಸ್ಟೆಲಿನವರಿಗೆ ಇದು ಯಾರದು ಅಂತ ಗೊತ್ತಾಗುವಷ್ಟಿತ್ತು. ಚಪ್ಪಾಳೆ ಬಿತ್ತು. ಹಿರಿಯರೊಬ್ಬರು ಬೆನ್ನು ತಟ್ಟಿ "ಎದೆಯಿಂದ ಬಂದ ಪದ್ಯ ಕಣಯ್ಯ" ಅಂದರು. ಬಂದದ್ದು ಎದೆಯಿಂದಲೇ, ಆದರೆ ಯಾರ ಎದೆ? ಅವನು ನಾಲ್ಕನೇ ಸಾಲಿನಲ್ಲಿ ಕೂತಿದ್ದ. ಮುಂದಿನ ಸೆಮಿಸ್ಟರಿನ ಫೀಸು ಕಟ್ಟೋ ಹೊತ್ತಿಗೆ ಚಾಪೆ ಸುತ್ತಿಕೊಂಡು ಊರಿಗೆ ಹೋದ.

ನನ್ನ ಪದ್ಯದಿಂದಲೇ ಹೋದ ಅಂತ ಹೇಳಿದರೆ ಅದೂ ಜಂಬವೇ ಆಗುತ್ತೆ. ಅವನ ಸ್ಕಾಲರ್‌ಶಿಪ್ ಬಂದಿರಲಿಲ್ಲ, ಮನೆಯಲ್ಲಿ ಸಾಲವಿತ್ತು. ಆದರೆ ಎರಡು ವರ್ಷದಲ್ಲಿ ಅವನು ಬಾಯಿ ಬಿಟ್ಟು ಹೇಳಿಕೊಂಡದ್ದು ಒಬ್ಬನ ಹತ್ತಿರ. ಆ ಒಬ್ಬ ಅದನ್ನು ಚಪ್ಪಾಳೆಗೆ ಮಾರಿಕೊಂಡ.

ಬಾಬಾಸಾಹೇಬರು ಅಳಲಿಲ್ಲ ಅಂತ ಯಾರು ಹೇಳಿದ್ದು? ನಾನು ಭಾಷಣ ಬಿಗಿದಾಗ 'ವೀಸಾಗಾಗಿ ಕಾಯುತ್ತಾ' ಓದಿರಲೇ ಇಲ್ಲ. ಆಮೇಲೆ ಓದಿದೆ. 1917ರಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಅಂಬೇಡ್ಕರರು ಬರೋಡಾ ಸಂಸ್ಥಾನದ ನೌಕರಿಗೆ ಹೋದರು. ಊರಲ್ಲಿ ಇರೋಕೆ ಜಾಗವಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಇಟ್ಟುಕೊಂಡು ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಆಗ ಅವರಿಗೆ ನೆನಪಾದದ್ದು ಇಬ್ಬರು ಗೆಳೆಯರು. ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಹಿಂದೂ ಗೆಳೆಯ, ನೀನು ಬಂದರೆ ನನ್ನ ಮನೆಯ ಆಳುಗಳು ಬಿಟ್ಟು ಹೋಗ್ತಾರೆ ಅಂದ. ಇನ್ನೊಬ್ಬ ಹೆಂಡತಿಯನ್ನು ಕೇಳಬೇಕು ಅಂದ. ಬೊಂಬಾಯಿ ರೈಲಿಗೆ ಇನ್ನೂ ಗಂಟೆಗಟ್ಟಲೆ ಹೊತ್ತಿತ್ತು. ಅವರು ಹೋಗಿ ಕಾಮಾಠಿ ಬಾಗ್ ಅನ್ನೋ ಪಾರ್ಕಿನಲ್ಲಿ ಕೂತರು. ದಿಕ್ಕಿಲ್ಲದ ಮಗುವಿನ ಹಾಗೆ ಅಪ್ಪ ಅಮ್ಮನನ್ನು ನೆನೆದುಕೊಂಡರು. ವರ್ಷಗಳು ಕಳೆದ ಮೇಲೂ ಆ ದಿನ ನೆನೆದರೆ ಕಣ್ಣು ತುಂಬುತ್ತೆ ಅಂತ ಅವರೇ ಬರೆದರು.

ಅಂಥ ವಿದ್ಯಾವಂತ ಅತ್ತಿದ್ದನ್ನು ಬರೆದಿಟ್ಟು ಹೋಗಿದ್ದಾರೆ. ನಾವು ಅವರ ಹೆಸರಿನಲ್ಲೇ ಒಬ್ಬ ಹುಡುಗನ ಅಳುವ ಬಾಯಿ ಮುಚ್ಚಿಸ್ತೀವಿ. ಗೋಡೆ ಮೇಲಿನ ಪಟ ಎಲ್ಲರಿಗೂ ಗೊತ್ತು. ಆ ಪಾರ್ಕಿನಲ್ಲಿ ಕೂತಿದ್ದ ಇಪ್ಪತ್ತಾರು ವರ್ಷದವನ ಪಕ್ಕ ಆವತ್ತು ಯಾರಾದರೂ ಒಬ್ಬ ಕೂತಿದ್ದರೆ ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದ್ದೀನಿ. ಬುದ್ಧಿ ಹೇಳೋಕಲ್ಲ, ಸುಮ್ಮನೆ ಒಂದು ಲೋಟ ನೀರು ಕೊಟ್ಟು ರೈಲು ಬರೋ ತನಕ ಕೂರೋಕೆ.

ಈ ಕೂರೋ ಕೆಲಸ ದೊಡ್ಡ ವಿದ್ಯೆಯೇನಲ್ಲ, ಆದರೆ ವಿದ್ಯೆಯೇ ಅಲ್ಲ ಅಂತಲೂ ಅಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ವಿದ್ಯಾರ್ಥಿಗಳೇ ಸೇರಿ 'ನೈಟ್‌ಲೈನ್' ಅಂತ ಶುರು ಮಾಡಿದರು. ರಾತ್ರಿ ಹೊತ್ತು ಫೋನಿನ ಮುಂದೆ ಒಬ್ಬ ವಿದ್ಯಾರ್ಥಿ ಕೂತಿರ್ತಾನೆ. ಯಾರು ಬೇಕಾದರೂ ಹೆಸರು ಹೇಳದೆ ಮಾತಾಡಬಹುದು. ಅವನು ಕೇಳಿಸಿಕೊಳ್ಳಬೇಕು, ಬುದ್ಧಿ ಹೇಳಬಾರದು, ಹೊರಗೆ ಆಡಬಾರದು. ನಮ್ಮ ರಾಜ್ಯದಲ್ಲೇ, ಬಳ್ಳಾರಿ ಜಿಲ್ಲೆಯಲ್ಲಿ, 1985ರಿಂದ ನಿಮ್ಹಾನ್ಸ್‌ನವರು ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸಾಮಾನ್ಯ ಡಾಕ್ಟರುಗಳಿಗೂ ಮನಸ್ಸಿನ ಕಾಯಿಲೆ ಗುರುತು ಹಿಡಿಯೋದು ಕಲಿಸಿದರು. ಆಮೇಲೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯ್ತು. ಎಲ್ಲಕ್ಕೂ ದೊಡ್ಡ ಡಾಕ್ಟರೇ ಬೇಕು ಅನ್ನೋದು ಆಗಲೇ ಸುಳ್ಳಾಗಿತ್ತು.

ನನಗೆ ಇಷ್ಟವಾದದ್ದು ಆಫ್ರಿಕದ ಜಿಂಬಾಬ್ವೆಯ ಕತೆ. ಹರಾರೆ ನಗರದಲ್ಲಿ ಡಿಕ್ಸನ್ ಚಿಬಾಂಡಾ ಅನ್ನೋ ಮನೋವೈದ್ಯರು 2006ರಲ್ಲಿ ಹದಿನಾಲ್ಕು ಜನ ಅಜ್ಜಿಯರಿಗೆ ತರಬೇತಿ ಕೊಟ್ಟರು. ಆಸ್ಪತ್ರೆ ಹೊರಗೆ ಒಂದು ಮರದ ಬೆಂಚು. ಕಷ್ಟದಲ್ಲಿರೋರು ಬಂದು ಅಜ್ಜಿ ಪಕ್ಕ ಕೂರ್ತಾರೆ. ಅವರ ಶೋನಾ ಭಾಷೆಯಲ್ಲಿ ಈ ಸಂಕಟಕ್ಕೆ 'ಕುಫುಂಗಿಸಿಸಾ' ಅಂತಾರೆ. ಅಂದರೆ ಅತಿಯಾಗಿ ಯೋಚನೆ ಮಾಡೋದು. ನಮ್ಮವ್ವ "ಮಗ ಯೋಚ್ನೆ ಹಚ್ಕಂಡವ್ನೆ" ಅನ್ನೋದೂ ಅದನ್ನೇ! ಅಜ್ಜಿಯರು ಕೇಳಿಸಿಕೊಂಡು ಸುಮ್ಮನಾಗಲ್ಲ. ನಿನ್ನ ಕಷ್ಟಗಳಲ್ಲಿ ಮೊದಲು ಯಾವುದನ್ನು ಹಿಡಿಯೋಣ ಅಂತ ಕೇಳ್ತಾರೆ. ಅವನೇ ಒಂದನ್ನು ಆರಿಸಬೇಕು, ಅದಕ್ಕೊಂದು ದಾರಿ ಇಬ್ಬರೂ ಸೇರಿ ಹುಡುಕಬೇಕು.

ಸಾರಿಗೆ ನೀರು ಸುರಿಯೋ ಮಾತು ಇಲ್ಲಿಗೆ ಬರುತ್ತೆ.

ಇಂಥ ತರಬೇತಿಗಳಲ್ಲಿ ಉಸಿರು ಎಣಿಸೋದು ಹೇಳಿಕೊಡ್ತಾರೆ, ಒತ್ತಡ ನಿಭಾಯಿಸು ಅಂತಾರೆ, ಒಳ್ಳೇದನ್ನೇ ಯೋಚಿಸು ಅಂತಾರೆ. ಉಸಿರು ಎಣಿಸಲಿ, ನನ್ನದೇನೂ ತಕರಾರಿಲ್ಲ. ಆದರೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ ಎಂಟು ತಿಂಗಳಾದರೂ 'ಪೆಂಡಿಂಗ್' ಅಂತಲೇ ತೋರಿಸ್ತಾ ಇದ್ದರೆ ಎಷ್ಟು ಉಸಿರು ಎಣಿಸಬೇಕು? ಕ್ಲಾಸಿನಲ್ಲಿ "ನಿಮಗೇನಪ್ಪಾ, ಎಲ್ಲ ಫ್ರೀ" ಅಂತ ಅನ್ನಿಸಿಕೊಂಡು ಕೂತವನ ಒತ್ತಡ ಅವನ ತಲೆಯೊಳಗೆ ಹುಟ್ಟಿದ್ದಲ್ಲ. ಅದನ್ನು ಹುಟ್ಟಿಸಿದವರು ಇದ್ದಾರೆ, ಹಾಜರಿ ಹಾಕ್ತಾ ಇದ್ದಾರೆ. ಹುಡುಗನನ್ನು ಕೂರಿಸಿ ಸಮಾಧಾನ ಮಾಡಿ ಕಳಿಸಿ, ಅಂದವನನ್ನು ಏನೂ ಕೇಳದೆ ಬಿಟ್ಟರೆ ಅದು ಮುಳ್ಳು ಒಳಗೇ ಬಿಟ್ಟು ಮುಲಾಮು ಸವರಿದ ಹಾಗೆ.

ರೋಹಿತ್ ವೇಮುಲನನ್ನು ನೆನೆಯಿರಿ. ಹೈದರಾಬಾದ್ ವಿಶ್ವವಿದ್ಯಾಲಯ. 2015ರ ಜುಲೈನಿಂದ ಫೆಲೋಶಿಪ್ ದುಡ್ಡು ನಿಂತಿತ್ತು. ಅವನೂ ಸೇರಿ ಐದು ಜನ ದಲಿತ ಸಂಶೋಧಕರನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. 2016ರ ಜನವರಿಯ ಚಳಿಯಲ್ಲಿ ಅವರು ಕ್ಯಾಂಪಸ್ಸಿನ ನಡುವೆ ಟೆಂಟು ಹಾಕಿ, ಅದಕ್ಕೆ 'ವೆಲಿವಾಡ' ಅಂತ ಹೆಸರಿಟ್ಟು ಮಲಗಿದರು. ವೆಲಿವಾಡ ಅಂದರೆ ಊರ ಹೊರಗಿನ ಕೇರಿ. ಜನವರಿ 17ರಂದು ರೋಹಿತ್ ತೀರಿಕೊಂಡ. ಅವನಿಗೆ ಗೆಳೆಯರು ಇರಲಿಲ್ಲವಾ? ಇದ್ದರು, ಒಂದೇ ಟೆಂಟಿನಲ್ಲಿದ್ದರು. ಕೇಳಿಸಿಕೊಳ್ಳದೆ ಇದ್ದದ್ದು ಕುರ್ಚಿಯಲ್ಲಿದ್ದವರು. ಇದನ್ನು ಮರೆತು ಬರೀ ಗೆಳೆಯರಿಗೆ ತರಬೇತಿ ಕೊಟ್ಟರೆ, ನಾಳೆ ಒಂದು ಜೀವ ಹೋದಾಗ "ಸ್ವಯಂಸೇವಕರು ಗಮನಿಸಲಿಲ್ಲ" ಅಂತ ಹತ್ತೊಂಬತ್ತು ವರ್ಷದ ಹುಡುಗನ ತಲೆಗೆ ಕಟ್ಟಿ ಕೈ ತೊಳೆದುಕೊಳ್ತಾರೆ.

ಅದಕ್ಕೇ ನಾನು ಹೇಳೋದು, ಸ್ವಯಂಸೇವಕನ ಕೈಯಲ್ಲಿ ಒಂದು ಪುಸ್ತಕ ಇರಲಿ. ಅದರಲ್ಲಿ ಯಾರ ಹೆಸರೂ ಬೇಡ, ರೂಮ್ ನಂಬರೂ ಬೇಡ. ಬರೀ ಕಾರಣ ಬರೆಯಲಿ. ಈ ತಿಂಗಳು ಸ್ಕಾಲರ್‌ಶಿಪ್ ಬಾರದ ಸಂಕಟ ಇಷ್ಟು ಜನರದು, ಜಾತಿ ಹಿಡಿದು ಆಡಿಕೊಂಡದ್ದು ಇಷ್ಟು ಸಲ, ಇಂಗ್ಲಿಷ್ ಬಾರದ ಅವಮಾನ ಇಷ್ಟು, ಊಟದ್ದು ಇಷ್ಟು. ತಿಂಗಳ ಕೊನೆಗೆ ಅದನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಡಬೇಕು, ಒಂದು ಪ್ರತಿ ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಗೆ ಹೋಗಬೇಕು. ಯುಜಿಸಿಯವರು 2012ರಲ್ಲೇ ನಿಯಮ ಮಾಡಿ, ಕಾಲೇಜುಗಳಲ್ಲಿ ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯದ ದೂರು ಕೇಳೋಕೆ ಒಬ್ಬ ಅಧಿಕಾರಿ ಇರಬೇಕು ಅಂದಿದ್ದರು. ನಿಮ್ಮ ಕಾಲೇಜಿನಲ್ಲಿ ಆ ಅಧಿಕಾರಿ ಯಾರು ಅಂತ ನಾಳೆ ಹೋಗಿ ಕೇಳಿ ನೋಡಿ. ಕೇಳಿದ್ದಕ್ಕೇ ಅರ್ಧ ಕೆಲಸ ಆಗುತ್ತೆ.

ಆದರೆ ಅಳುತ್ತಾ ಬಂದವನ ಮುಂದೆ ಆ ಪುಸ್ತಕ ತೆಗೀಬೇಡಿ. ಅವನು ಬಂದಿರೋದು ಮನವಿ ಪತ್ರ ಬರೆಸೋಕಲ್ಲ. ನಮ್ಮ ಸಂಘಟನೆಯೋರ ಕೆಟ್ಟ ಚಾಳಿ ಇದು, ನನ್ನದೂ ಹೌದು. ಯಾರದಾದರೂ ಕಣ್ಣೀರು ಕಂಡ ತಕ್ಷಣ ನಮಗೆ ಧರಣಿ ಕಾಣುತ್ತೆ, ಕವಿಯಾಗಿದ್ದರೆ ಪದ್ಯ ಕಾಣುತ್ತೆ. ಮೊದಲು ಅವನು ಹೇಳಿ ಮುಗಿಸಲಿ. ಆಮೇಲೆ ಅವನನ್ನೇ ಕೇಳಿ, ಇದನ್ನು ಹೊರಗೆ ಎತ್ತೋಣವಾ, ಬೇಡವಾ ಅಂತ. ಬೇಡ ಅಂದರೆ ಬೇಡ.

ಒಂದೇ ಒಂದು ವಿಷಯದಲ್ಲಿ ಗುಟ್ಟು ಇಟ್ಟುಕೊಳ್ಳಬಾರದು. ಸಾಯೋ ಮಾತು ಬಂದರೆ. ಆಗ ಗಾಬರಿ ಬೀಳದೆ ನೇರವಾಗಿ ಕೇಳಿ: "ಜೀವ ತಗಳೋ ಯೋಚ್ನೆ ಬಂದೈತಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಅನ್ನೋದು ಸುಳ್ಳು. ಬಂದಿದೆ ಅಂದರೆ ಒಬ್ಬನನ್ನೇ ಬಿಟ್ಟು ಏಳಬೇಡಿ. "ಇದೊಂದನ್ನ ನಾನೊಬ್ನೇ ಇಟ್ಕಳಕಾಗಲ್ಲ ಕಣೋ" ಅಂತ ಅವನಿಗೇ ಹೇಳಿ, ನಂಬಿಕೆಯ ದೊಡ್ಡವರೊಬ್ಬರನ್ನು ಕರೆಯಿರಿ, ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋಗಿ. 14416ಕ್ಕೆ ಫೋನ್ ಮಾಡಿ. ಅದು 'ಟೆಲಿ ಮನಸ್', 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಜೀವ ತೆಗೆದುಕೊಳ್ಳೋಕೆ ಹೋದವನ ಮೇಲೆ ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಆಸ್ಪತ್ರೆಗೆ ತಪ್ಪಿಸೋರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವನನ್ನು ತೀವ್ರ ಒತ್ತಡದಲ್ಲಿದ್ದವನು ಅಂತಲೇ ನೋಡಬೇಕು ಅನ್ನುತ್ತೆ, ಶಿಕ್ಷೆ ಕೊಡಬಾರದು ಅನ್ನುತ್ತೆ. ನೀವು ಡಾಕ್ಟರಲ್ಲ. ಕೈ ಹಿಡಿದು ಡಾಕ್ಟರ ತನಕ ನಡೆಯೋರು.

ಸ್ವಯಂಸೇವಕರನ್ನು ಆರಿಸೋದು ಯಾರು? ಲೆಕ್ಚರರ ಹಿಂದೆ ಮುಂದೆ ಓಡಾಡೋ ನಾಲ್ಕು ಜನರನ್ನು ಹಿಡಿದು ಬ್ಯಾಡ್ಜು ಚುಚ್ಚಿದರೆ, ವಾರ್ಡನ್ನಿಗೆ ನಾಲ್ಕು ಹೊಸ ಕಿವಿ ಬಂದ ಹಾಗೆ ಅಷ್ಟೇ. ನಮ್ಮ ಸೀಮೆಯಲ್ಲಿ ಊರ ಹೆಸರು ಕೇಳಿದ ಮೇಲೆ ಎರಡನೇ ಪ್ರಶ್ನೆ ಊರಲ್ಲಿ ಮನೆ ಎಲ್ಲಿ ಅಂತ. ಯಾಕೆ ಕೇಳ್ತಾರೆ ಅಂತ ನಮಗೆ ಗೊತ್ತಿಲ್ಲವಾ? ಹಾಗೆ ಕೇಳೋನ ಹತ್ತಿರ ಯಾರು ಹೋಗಿ ಅಳ್ತಾರೆ? ಹಾಸ್ಟೆಲಿನಿಂದ ಇಬ್ಬರಾದರೂ ಇರಬೇಕು, ಅವರನ್ನು ಹಾಸ್ಟೆಲಿನವರೇ ಹೇಳಬೇಕು. ಇನ್ನು ಕೌನ್ಸೆಲಿಂಗ್ ರೂಮಂತೂ ಪ್ರಿನ್ಸಿಪಾಲರ ಚೇಂಬರಿನ ಪಕ್ಕವೇ ಆದರೆ ನೊಣವೂ ಅದರೊಳಗೆ ಹೋಗಲ್ಲ. ಹುಡುಗಿಯರ ವಿಷಯವನ್ನು ನಾನು ಗಂಡಸಾಗಿ ಹೆಚ್ಚು ಬಲ್ಲೆ ಅನ್ನಲಾರೆ. ನಮ್ಮ ಸಂಘಟನೆಯ ಒಬ್ಬ ಅಕ್ಕ ಹೇಳಿದ್ದನ್ನು ಬರೀತೀನಿ. ಸಂಜೆ ನಾಲ್ಕಕ್ಕೆ ಬಸ್ಸಿಗೆ ಓಡೋ ಹುಡುಗಿಗೆ ಕಾಲೇಜಿನಲ್ಲಿ ಕೂತು ಕಷ್ಟ ಹೇಳೋಕೆ ಹೊತ್ತೇ ಇಲ್ಲ. 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ಹುಡುಗಿಯರ ಕೌನ್ಸೆಲಿಂಗ್ ರೂಮು ಬಸ್ಸಿನ ಹಿಂದಿನ ಸೀಟೇ ಆಗಿದೆ. ಒಂದೇ ರೂಟಿನ ಇಬ್ಬರಿಗೆ ತರಬೇತಿ ಕೊಡಲಿ ಸಾಕು ಅಂದರು ಅಕ್ಕ. ಗಂಡು ಹುಡುಗರ ಕೌನ್ಸೆಲಿಂಗ್ ಸೆಂಟರು ಯಾವುದು ಅಂತ ನಾನು ಹೇಳಬೇಕಾ? ಸಂಜೆ ಏಳಕ್ಕೆ ಬೋರ್ಡಿನ ಲೈಟು ಹತ್ತುತ್ತೆ, ಕ್ವಾರ್ಟರಿಗಿಷ್ಟು ಫೀಸು.

ಕೇಳಿಸಿಕೊಳ್ಳೋನಿಗೂ ಒಬ್ಬ ಕೇಳಿಸಿಕೊಳ್ಳೋನು ಬೇಕು ಅನ್ನೋದನ್ನೂ ಮರೀಬೇಡಿ. ದಿನಾ ನಾಲ್ಕು ಜನರ ಸಂಕಟ ಹೊತ್ತು ಮಲಗಿದರೆ ಅವನ ನಿದ್ದೆಯೂ ಹೋಗುತ್ತೆ. ವಾರಕ್ಕೊಂದು ದಿನ ಸ್ವಯಂಸೇವಕರೇ ಒಟ್ಟಿಗೆ ಕೂತು, ಯಾರ ಹೆಸರೂ ಎತ್ತದೆ, ತಮ್ಮ ಭಾರ ಇಳಿಸಿಕೊಳ್ಳಲಿ.

ನನ್ನ ಪಕ್ಕದ ಚಾಪೆಯವನು ಈಗ ತಿಪಟೂರು ಕಡೆ ಒಂದು ಕೊಬ್ಬರಿ ಶೆಡ್ಡಿನಲ್ಲಿ ಕರಟ ಒಡೆಯೋ ಕೆಲಸಕ್ಕಿದ್ದಾನೆ. ಹೋದ ತಿಂಗಳು ಹುಡುಕಿಕೊಂಡು ಹೋದೆ. ನನ್ನ ನೋಡಿ ಎದ್ದು ಕೈ ಒರೆಸಿಕೊಂಡು, "ಏನ್ ಕವಿಗಳು ಬಂದ್ರಿ?" ಅಂದ. ಮೊದಲು ನನ್ನನ್ನು ಲೋ ಅಂತಿದ್ದವನು. ತಪ್ಪಾಯ್ತು ಅಂದೆ. ಅವನು ಅದಕ್ಕೆ ಏನೂ ಹೇಳಲಿಲ್ಲ, ಕೂತ್ಕೋ ಅಂತ ಒಂದು ಖಾಲಿ ಚೀಲ ಹಾಸಿದ. ಇಂಥದ್ದೊಂದು ಬರೀಬೇಕು ಅಂತಿದ್ದೀನಿ, ಪದ್ಯದ ವಿಷಯ ಹಾಕಲಾ ಅಂತ ಕೇಳಿದೆ. "ನನ್ ಹೆಸ್ರು, ನಮ್ಮೂರು, ನಮ್ಮವ್ವನ್ ಸುದ್ದಿ ಬ್ಯಾಡ. ನೀನ್ ಮಾಡಿದ್ ಹಾಕು, ಹುಡ್ಗರಿಗೆ ಗೊತ್ತಾಗ್ಲಿ" ಅಂದು ಮೊದಲ ಸಲ ನಕ್ಕ. ಆಮೇಲೆ ಕೆಲಸ ಮಾಡ್ತಾ ಮಾಡ್ತಾ ಮಾತಿಗೆ ಶುರು ಮಾಡಿದ. ಕರಟ ಬಿಡಿಸಿದ ಉಂಡೆಗಳನ್ನು ನಾನು ಒಂದು ಕಡೆ ಗುಡ್ಡೆ ಹಾಕ್ತಾ ಕೂತೆ. ಕತ್ತಲಾಗೋ ತನಕ ಮಾತಾಡಿದ. ಏನು ಮಾತಾಡಿದ ಅನ್ನೋದನ್ನು ಇಲ್ಲಿ ಬರೆಯಲ್ಲ.